ಜರ್ದಾಳು ಮರಕ್ಕೆ ಜಾಮೀನು

ಅಬಾದಾನ್
ಬಹ್ಮನ್ ೧೮, ೧೩೪೬ (ಫೆಬ್ರವರಿ ೧೯೬೮)

ಇಫ್ಫತ್,

ನಿನ್ನನ್ನು ನಾನಿನ್ನೂ ಕಣ್ಣಾರೆ ನೋಡಿಲ್ಲ. ಮದುವೆಯ ಹೊತ್ತಿಗೆ ಚಿಕ್ಕ ಮಗಳಿಗೆ ದಡಾರ ಎದ್ದಿತ್ತು. ಶುಕ್ರುಲ್ಲಾ ಕಳಿಸಿದ ಫೋಟೋದಲ್ಲಿ ನಿನ್ನ ಮುಖಕ್ಕಿಂತ ನಿನ್ನ ಹಿಂದಿನ ಮರವೇ ಸ್ಪಷ್ಟವಾಗಿ ಬಂದಿದೆ. ನನ್ನ ತಮ್ಮ ನಲವತ್ತೈದು ದಾಟಿದ ಮೇಲಾದರೂ ಮನೆಗೊಬ್ಬಳನ್ನು ಕರೆತಂದ. ದೇವರು ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ.

ಒಂದು ಕೆಲಸ ಹೇಳುತ್ತೇನೆ. ಅವನ ಪತ್ರ ಎರಡು ಸಾಲಿನದು. 'ಎಲ್ಲ ಕ್ಷೇಮ, ಹಿಮ ಬಿತ್ತು.' ನೀನು ಯಾಜ್ದಿನ ನೇಕಾರರ ಮನೆಯ ಹುಡುಗಿ, ಓದು ಬರಹ ಬಲ್ಲವಳು ಎಂದು ಕೇಳಿದ್ದೇನೆ. ಅಂಗಳದ ಜರ್ದಾಳು ಮರವನ್ನು ನೋಡಿ ನೋಡಿ ನನಗೆ ಬರೆಯುತ್ತಿರು. ನಮ್ಮಜ್ಜಿ ನೆಟ್ಟ ಮರ ಅದು. ತೊಗಟೆ ಎಲ್ಲಿ ಬಿರಿದಿದೆ, ಗೋಡೆಯ ಕಡೆಯ ಕೊಂಬೆ ಬದುಕಿದೆಯೇ, ತುದಿಯಲ್ಲಿ ಏನಾದರೂ ಕಾಣುತ್ತದೆಯೇ, ಎಲ್ಲವನ್ನೂ. ಇಲ್ಲಿ ಚಳಿಗಾಲ ಹೋಗುವುದೂ ತಿಳಿಯುವುದಿಲ್ಲ, ವಸಂತ ಬರುವುದೂ ತಿಳಿಯುವುದಿಲ್ಲ. ಕಲ್ಲೆಣ್ಣೆ ಕಾರ್ಖಾನೆಯ ವಾಸನೆ ಮಾತ್ರ ಒಂದೇ ಸಮ.

ಬುಡಕ್ಕೆ ಸೋಪಿನ ನೀರು ಸುರಿಯಬೇಡ. ಬಟ್ಟೆ ಒಣಗಿಸುವ ಹಗ್ಗವನ್ನು ಅದಕ್ಕೆ ಕಟ್ಟಬೇಡ. ಕೊಡಲಿ ಕೆಲಸ ಮಾತ್ರ ಹೊಸ ವರ್ಷದ ನೌರೂಜ್ ಹಬ್ಬಕ್ಕೆ ನಾನು ಬಂದ ಮೇಲೆಯೇ ಆಗಬೇಕು ಎಂದು ಶುಕ್ರುಲ್ಲಾಗೆ ಹೇಳು. ಅವನಿಗೆ ಗೊತ್ತು.

ತೂರಾನ್


ಸರ್‌ಚಶ್ಮೆ
ಬಹ್ಮನ್ ೨೯

ಮಾನ್ಯ ತೂರಾನ್ ಖಾನಮ್ ಅವರಿಗೆ,

ನೀವು ಬರೆದದ್ದು ನನಗೆ ದೊಡ್ಡ ಮರ್ಯಾದೆ. ನಮ್ಮ ಯಾಜ್ದಿನ ಮನೆಯಲ್ಲಿ ಮಣ್ಣಿನ ಗೋಡೆ, ನೀರಿನ ತೊಟ್ಟಿ, ಒಂದು ದಾಳಿಂಬೆ ಗಿಡ, ಅಷ್ಟೇ. ಮರವನ್ನು ನೋಡುವುದು ಹೇಗೆಂದು ನನಗೆ ತಿಳಿಯದು. ಆದರೂ ದಿನವೂ ಚಹಾ ಲೋಟ ಹಿಡಿದು ಹೋಗಿ ನಿಲ್ಲುತ್ತೇನೆ.

ನೆರಳಿನ ಬದಿಯಲ್ಲಿ ಬೇರಿನ ಸುತ್ತ ಇನ್ನೂ ಹಿಮವಿದೆ. ಬಿಸಿಲಿನ ಬದಿಯಲ್ಲಿ ಕರಗಿದೆ. ಕಾಂಡದ ನಡುವೆ ನನ್ನ ತೋಳು ಹೋಗುವಷ್ಟು ಪೊಟರೆ. ಅದರೊಳಗೆ ಗುಬ್ಬಿಗಳ ಜಗಳ. ಬಿರುಕಿನಿಂದ ಜೇನಿನ ಬಣ್ಣದ ಅಂಟು ಇಳಿದು ಗಟ್ಟಿಯಾಗಿದೆ. ಸಂಜೆಯ ಬಿಸಿಲು ಬಿದ್ದಾಗ ಮರ ಒಳಗಿನಿಂದ ದೀಪ ಹಚ್ಚಿಕೊಂಡಂತೆ ಕಾಣುತ್ತದೆ. ಗೋಡೆಯ ಕಡೆಯ ಕೊಂಬೆಯಲ್ಲಿ ಇರುವೆಯ ತಲೆಯಷ್ಟು ಕಂದು ಚುಕ್ಕೆಗಳಿವೆ. ಜೀವವೋ ಧೂಳೋ ತಿಳಿಯಲಿಲ್ಲ.

ಬಟ್ಟೆಯ ಹಗ್ಗ ನಾನು ಬರುವ ಮುಂಚಿನಿಂದಲೂ ಇದೆ. ಬಿಚ್ಚಲು ಹೋದೆ. ನಿಮ್ಮ ತಮ್ಮ, "ಮುಟ್ಬೇಡ ಮಾರಾಯ್ತಿ, ಅದು ತೂರಾನ್ ಕಟ್ಟಿದ ಗಂಟು" ಅಂದರು. ಹಾಗೇ ಬಿಟ್ಟಿದ್ದೇನೆ.

ಕೊಡಲಿಯ ಮಾತು ಹೇಳಿದೆ. "ಮೊಗ್ಗು ತೂರಾನ್‌ಗೋಸ್ಕರ ಕಾಯುತ್ತಾ?" ಎಂದು ನಕ್ಕರು. ಏನು ಕೆಲಸ ಎಂದು ಕೇಳಿದರೆ ಹೇಳಲಿಲ್ಲ. ಮೂರು ವರ್ಷದಿಂದ ಹೂ ಬಿಡದ ಮರ ಎಂದು ಮಾತ್ರ ಹೇಳಿದರು. ಕೊಡಲಿಯ ಮಾತು ನೆನಪಾದಾಗಲೆಲ್ಲ ಹೋಗಿ ಪೊಟರೆಯ ಗುಬ್ಬಿಗಳನ್ನು ನೋಡಿ ಬರುತ್ತೇನೆ. ಆದರೆ ಮನೆ ನಿಮ್ಮದು, ನಾನು ಏನು ಹೇಳಲಿ.

ಇಫ್ಫತ್


ಅಬಾದಾನ್
ಇಸ್ಫಂದ್ ೬

ಇಫ್ಫತ್,

ಚೆನ್ನಾಗಿ ಬರೆಯುತ್ತೀಯ. ಇಷ್ಟು ಚೆನ್ನಾಗಿ ಬರೆಯುತ್ತೀಯೆಂದು ಅವನು ಹೇಳಿರಲಿಲ್ಲ.

ಅವು ಧೂಳಲ್ಲ. ಉಗುರಿನಿಂದ ಕೆರೆದು ನೋಡಬೇಡ, ಹತ್ತಿರ ಹೋಗಿ ನೋಡು. ಚೂಪಾಗಿದ್ದರೆ ಎಲೆ. ದುಂಡಗಿದ್ದರೆ ಹೂ. ಎರಡು ದುಂಡಗಿನವುಗಳ ನಡುವೆ ಒಂದು ಚೂಪಿನದು ಕೂತಿದ್ದರೆ ಆ ಕೊಂಬೆ ಮನಸ್ಸು ಮಾಡಿದೆ ಎಂದರ್ಥ. ಇದನ್ನು ಕಲಿಯಲು ನನಗೆ ಬಾಲ್ಯವೆಲ್ಲ ಬೇಕಾಯಿತು. ಆ ಮರದ ಕೆಳಗೇ ಬೆಳೆದವಳು ನಾನು. ಏಳು ವರ್ಷದವಳಿದ್ದಾಗ ಎಳೆಗಾಯಿ ಉಪ್ಪು ಹಚ್ಚಿಕೊಂಡು ತಿಂದು ತಿಂದು ಹೊಟ್ಟೆನೋವು ಬಂದು, ಅಪ್ಪ ನನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದ್ದರು.

ಚಂದ್ರಮುಕುಟ ಹಕ್ಕಿ ಬಂತೇ? ಇಸ್ಫಂದ್ ತಿಂಗಳು ಹುಟ್ಟಿದ ಮೇಲೆ ಮೊದಲು ಗೋಡೆಯ ಮೇಲೆ ಕೂರುತ್ತದೆ, ಆಮೇಲೆ ಮರಕ್ಕೆ ಬರುತ್ತದೆ. ಅದು ಬಂದ ದಿನ ನನ್ನನ್ನು ನೆನೆಸಿಕೋ.

ತೂರಾನ್


ಸರ್‌ಚಶ್ಮೆ
ಇಸ್ಫಂದ್ ೧೩

ತೂರಾನ್ ಅಕ್ಕಾ,

ಖಾನಮ್ ಎಂದು ಕರೆಯುವ ಸ್ಥಿತಿಯಲ್ಲಿ ನಾನಿಲ್ಲ. ಇಡೀ ಕೇರಿ ನನ್ನನ್ನು ನೋಡಿ ನಗುತ್ತಿದೆ. ಬೇರೆಯವರ ಬಾಯಿಂದ ಕೇಳುವ ಮುಂಚೆ ನಾನೇ ಬರೆದುಬಿಡುತ್ತೇನೆ.

ಶುಕ್ರವಾರ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ಅಕ್ಕಿ ತೊಳೆಯುತ್ತಿದ್ದೆ. ಪಕ್ಕದ ಮನೆಯ ಖಾವರ್ ಅಜ್ಜಿ ಬಂದು ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಅಂಗಳದಲ್ಲಿ ಕೊಡಲಿ ಮಸೆಯುವ ಸದ್ದು. ಆಮೇಲೆ ನಿಮ್ಮ ತಮ್ಮನ ಗಂಟಲು! ನನ್ನ ಮೇಲೂ ಅವರು ಹಾಗೆ ಕೂಗಿದ್ದಿಲ್ಲ.

"ಏ ಮುದುಕಾ! ಮೂರು ವರ್ಷ ಆಯ್ತು! ನೀರು ಕುಡೀತೀಯ, ಗೊಬ್ಬರ ತಿಂತೀಯ, ಒಂದು ಕಾಯಿಗೆ ಗತಿ ಇಲ್ಲ. ಸಾಕಾಯ್ತು ನಿನ್ನ ಸಹವಾಸ. ಇವತ್ತು ನಿನ್ನನ್ನ ಸೌದೆ ಮಾಡ್ತೀನಿ!"

ಕೊಡಲಿ ಬಿದ್ದ ಸದ್ದು ಕೇಳಿತು. ಹಿಂಬದಿಯಿಂದ ಸುಮ್ಮನೆ ತಟ್ಟಿದ್ದಂತೆ, ನನಗೇನು ಗೊತ್ತು? ನೀವು 'ಕೊಡಲಿ ಕೆಲಸ' ಎಂದು ಬರೆದಾಗಿನಿಂದ, ಮರ ಕಡಿಸುವುದಕ್ಕೇ ನೀವು ಹಬ್ಬಕ್ಕೆ ಬರುತ್ತಿದ್ದೀರಿ ಎಂದೇ ತಿಳಿದಿದ್ದೆ. ಬರಿಗಾಲಲ್ಲಿ, ಕೈಗೆಲ್ಲ ಅಕ್ಕಿ ಮೆತ್ತಿಕೊಂಡು, ಹಿಮದ ಕೆಸರಿನಲ್ಲಿ ಓಡಿ ಕಾಂಡವನ್ನು ತಬ್ಬಿಕೊಂಡೆ.

"ಮೊದ್ಲು ನನ್ನ ಕೈ ಕಡೀರಿ! ಪೊಟರೇಲಿ ಗುಬ್ಬಿ ಮರಿ ಮಾಡೋ ಕಾಲ! ನಿಮಗೆ ಕರುಳು ಇದ್ಯೋ ಇಲ್ವೋ?"

ಅವರು ಕೊಡಲಿ ಎತ್ತಿದವರು ಹಾಗೇ ನಿಂತರು. "ಹಾಗಾದ್ರೆ ಇದಕ್ಕೆ ನೀನು ಜಾಮೀನು ನಿಲ್ತೀಯೇನೆ?"

"ನಿಲ್ತೀನಿ! ತಗೊಳ್ಳಿ!" ಅಂದವಳೇ, ಅಮ್ಮ ಹಾಕಿಕೊಟ್ಟ ಚಿನ್ನದ ಬಳೆಯನ್ನು ಬಿಚ್ಚಿ ಅವರ ಎದೆಗೆ ಎಸೆದೆ.

ಅಷ್ಟರಲ್ಲಿ ಮೆಟ್ಟಿಲ ಮೇಲಿಂದ ಖಾವರ್ ಅಜ್ಜಿ ಹೊಟ್ಟೆ ಹಿಡಿದುಕೊಂಡರು. "ಅಯ್ಯೋ ಯಾಜ್ದಿನ ಪೆದ್ದೀ! ಅದು ಮರಾನ ಹೆದರ್ಸೋದು ಕಣೇ! ವರ್ಷಾ ವರ್ಷಾ ಮಾಡ್ತೀವಿ. ಒಬ್ರು ಕಡೀತೀನಿ ಅನ್ನೋದು, ಇನ್ನೊಬ್ರು ಬಿಟ್ಬಿಡಿ, ಈ ಸಲ ಫಲ ಕೊಡುತ್ತೆ, ನಾನು ಜಾಮೀನು ಅನ್ನೋದು. ನಾನು ಏಳ್ಬೇಕಿತ್ತು, ಈ ಹಾಳು ಮಂಡಿ ಏಳಕ್ಕೆ ಬಿಡ್ಲಿಲ್ಲ, ನೀನು ಬಂದು ಬಿದ್ದೆ!"

ನಾನು ಇನ್ನೂ ಮರವನ್ನು ತಬ್ಬಿಕೊಂಡೇ ಇದ್ದೆ. ನಾಚಿಕೆಯಿಂದ ಕೈ ಬಿಡಲೂ ಆಗಲಿಲ್ಲ. ಖಾವರ್ ಅಜ್ಜಿಯ ಹೆಸರಿನಲ್ಲಿ ಮತ್ತೊಮ್ಮೆ ಮಾಡಿ ಎಂದು ಕೇಳಿಕೊಂಡೆ. ನಿಮ್ಮ ತಮ್ಮ ಕೇಳಲಿಲ್ಲ. "ಮರ ಕೇಳಿಸ್ಕೊಂಡಾಯ್ತು. ಇನ್ನು ಜಾಮೀನು ಬದಲಾಯಿಸೋ ಹಾಗಿಲ್ಲ" ಎಂದು ಬಳೆಯನ್ನು ನನ್ನ ಕೈಗೆ ತೊಡಿಸಿದರು.

ಅಕ್ಕಾ, ಒಂದು ಮಾತು ಮುಂಚೆಯೇ ಹೇಳಬಹುದಿತ್ತಲ್ಲ ನೀವು?

ಇಫ್ಫತ್


ಅಬಾದಾನ್
ಇಸ್ಫಂದ್ ೨೨

ಇಫ್ಫತ್,

ನಿನ್ನ ಪತ್ರವನ್ನು ನನ್ನ ಹೆಣ್ಣುಮಕ್ಕಳು ಓದಿ ಬಹಳ ನಕ್ಕರು. ನಾನೂ ನಕ್ಕೆ.

ಹೇಳಬೇಕಿತ್ತು, ನಿಜ. ಹೇಳಬೇಕೆಂದು ತೋಚಲಿಲ್ಲ, ಏಕೆಂದರೆ ಆ ಜಾಗದಲ್ಲಿ ಬೇರೆ ಯಾರಾದರೂ ನಿಲ್ಲಬಹುದೆಂದು ನನಗೆ ಎಂದೂ ಅನಿಸಿರಲಿಲ್ಲ. ಏಳನೇ ವಯಸ್ಸಿನಿಂದ ಆ ಮರಕ್ಕೆ ನಾನೇ ಜಾಮೀನು. ಅಪ್ಪ ಕೊಡಲಿ ಎತ್ತುತ್ತಿದ್ದರು, ಅಪ್ಪ ಹೋದ ಮೇಲೆ ಶುಕ್ರುಲ್ಲಾ. ಅಳುವುದನ್ನು ನಾನು ಹಿಂದಿನ ದಿನವೇ ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತಿದ್ದೆ. ಮದುವೆಯಾದ ಮೇಲೂ ಈ ದೂರದಿಂದ ರೈಲು ಹತ್ತಿ ಬಂದು ಅತ್ತು ಹೋಗುತ್ತಿದ್ದೆ. ಮಕ್ಕಳ ಶಾಲೆಯಿಂದಾಗಿ ಬರಲಾಗದ ಈ ಮೂರು ವರ್ಷ ಖಾವರ್ ಅಜ್ಜಿ ನಿಂತಳು, ಮರ ಕೇಳಲಿಲ್ಲ. ಪಾಪ ಅಜ್ಜಿ ಎಂದುಕೊಂಡೆ. ಸುಳ್ಳೇಕೆ, ಒಳಗೊಳಗೇ ಖುಷಿಯಾಗಿತ್ತು.

ನಾನು ಎಂದೂ ಬಳೆ ಬಿಚ್ಚಿಲ್ಲ. ಅಷ್ಟು ಬೇಕಾಗಿರಲಿಲ್ಲ.

ಇರಲಿ, ಜಾಮೀನು ನಿಂತವಳು ಕಟ್ಟಳೆ ತಿಳಿದಿರಬೇಕು. ಹೊಸದಾಗಿ ಜಾಮೀನು ನಿಂತ ಹೆಂಗಸು ಹಣ್ಣು ಮಾಗುವವರೆಗೆ ಮರದ ಕೆಳಗೆ ಹೋಗಬಾರದು. ಹೂ ಮುಟ್ಟಬಾರದು. ಎಳೆಗಾಯಿ ತಿನ್ನಬಾರದು. ದೂರದಿಂದ ನೋಡಬಹುದು. ಜಾಮೀನುದಾರಳು ಹತ್ತಿರ ಸುಳಿದರೆ ಮರಕ್ಕೆ ಸಲಿಗೆ ಬರುತ್ತದೆ, ಭಯ ಹೋಗುತ್ತದೆ. ಶುಕ್ರುಲ್ಲಾಗೆ ಇದು ಗೊತ್ತಿರಲಾರದು, ಹೆಂಗಸರ ಕಟ್ಟಳೆ ಇದು. ನಮ್ಮಜ್ಜಿ ನನ್ನೊಬ್ಬಳಿಗೇ ಹೇಳಿದ್ದು.

ಹಬ್ಬಕ್ಕೆ ನಾವು ಬರುವುದು ಕಷ್ಟ. ದೊಡ್ಡವಳಿಗೆ ಕೆಮ್ಮು.

ತೂರಾನ್


ಸರ್‌ಚಶ್ಮೆ
ಫರ್ವರ್ದೀನ್ ೪

ತೂರಾನ್ ಅಕ್ಕಾ,

ಹೊಸ ವರ್ಷ ನಿಮಗೂ ಮಕ್ಕಳಿಗೂ ಹಸುರಾಗಿರಲಿ. ಕೆಮ್ಮಿಗೆ ಸೀಮೆದಾಳಿಂಬೆಯ ಬೀಜ ನೆನೆಸಿ ಕೊಡಿ ಎಂದು ಖಾವರ್ ಅಜ್ಜಿ ಹೇಳಿದ್ದಾರೆ.

ಮರ ಹೂ ಬಿಟ್ಟಿದೆ.

ಹೇಗೆ ಬರೆಯಲಿ? ಕಿಟಕಿಯಿಂದ ನೋಡಿದ್ದನ್ನು ಬರೆಯುತ್ತೇನೆ. ಮೊದಲ ದಿನ ಕೊಂಬೆಗಳು ಕೆಂಪಾದವು, ಯಾರೋ ಗದರಿಸಿದ ಮಗುವಿನ ಕಿವಿಯ ಹಾಗೆ. ಮರುದಿನ ಗೋಡೆಯ ಕಡೆ ಒಂದು ಬಿಳಿ. ಹಬ್ಬದ ದಿನ ಬೆಳಗಾಗುವಷ್ಟರಲ್ಲಿ ಒಂದು ಎಲೆಯೂ ಇಲ್ಲದ ಮರದ ತುಂಬ ಹೂ. ಕರ್ಕಸ್ ಬೆಟ್ಟದ ಹಿಮ ಎಲ್ಲಿ ಮುಗಿಯಿತು, ಇದು ಎಲ್ಲಿ ಶುರುವಾಯಿತು ಎಂದು ಗೊತ್ತಾಗದು. ಜೇನುಹುಳುಗಳ ಸದ್ದು ಕೋಣೆಯೊಳಗೆ ಕೇಳುತ್ತದೆ. ಚಂದ್ರಮುಕುಟ ಬಂತು, ನೀವು ಹೇಳಿದ ಹಾಗೆ ಮೊದಲು ಗೋಡೆಯ ಮೇಲೆ.

ಹಬ್ಬಕ್ಕೆ ಹಾಸಿದ ಬಟ್ಟೆಯ ಮೇಲೆ ಗೋಧಿಯ ಮೊಳಕೆ, ಸೇಬು, ಕನ್ನಡಿ ಎಲ್ಲ ಇಟ್ಟೆ. ಹೂವಿನ ಕೊಂಬೆಯನ್ನು ನಾನು ಮುಟ್ಟಲಿಲ್ಲ, ನಿಮ್ಮ ತಮ್ಮನೇ ತಂದಿಟ್ಟರು. ಇಟ್ಟವರು ಅದನ್ನೇ ನೋಡುತ್ತಾ, "ತೂರಾನ್ ಇದ್ದಿದ್ರೆ ಕುಣೀತಿದ್ಲು" ಅಂದರು. ಸೊಪ್ಪಿನ ಅನ್ನ ಬಡಿಸಿದರೆ, "ತೂರಾನ್ ಇದಕ್ಕೆ ಮೆಂತ್ಯ ಕಮ್ಮಿ ಹಾಕ್ತಿದ್ಲು." ಮೀನು ಬಡಿಸಿದರೆ, "ತೂರಾನ್‌ಗೆ ತಲೆ ಇಷ್ಟ." ನೀವು ಬರದೆಯೂ ನಿಮಗೊಂದು ತಟ್ಟೆ ಹಾಕಿದಂತಾಯಿತು.

ನಿನ್ನೆ ಮುಂಜಾನೆ ಇಬ್ಬನಿ ಹೆಪ್ಪುಗಟ್ಟಿ ತೋಟವೆಲ್ಲ ಬೆಳ್ಳಗಾಗಿತ್ತು. ಊರವರೆಲ್ಲ ಒದ್ದೆ ಹುಲ್ಲಿಗೆ ಬೆಂಕಿ ಹಾಕಿ ಹೊಗೆ ಎಬ್ಬಿಸಿದರು. ಕೆಳಗಿನ ತೋಟಗಳಲ್ಲಿ ಹೂ ಕಂದಿವೆ. ನಮ್ಮ ಮರ ಉಳಿಯಿತು. ಖಾವರ್ ಅಜ್ಜಿ ಬೇಲಿಯಾಚೆಯಿಂದ ಕೂಗಿದರು: "ಬಳೆ ಕೊಟ್ಟವಳ ಜಾಮೀನು ಅಂದ್ರೆ ಸುಮ್ನೇನಾ!"

ಇಫ್ಫತ್


ಅಬಾದಾನ್
ಫರ್ವರ್ದೀನ್ ೧೭

ಇಫ್ಫತ್,

ನಿನ್ನ ಪತ್ರ ಬಂದು ಹಲವು ದಿನವಾಯಿತು. ಹಬ್ಬದ ಹದಿಮೂರನೆಯ ದಿನದ ಸುತ್ತಾಟಕ್ಕೆ ನಾವೂ ಹೊರಗೆ ಹೋಗಿದ್ದೆವು. ಖರ್ಜೂರದ ತೋಪು, ಚಾಪೆ, ಧೂಳು. ಹುಡುಗಿಯರು ಹರಕೆಗೆಂದು ಹುಲ್ಲು ಗಂಟು ಹಾಕಲು ಹುಲ್ಲನ್ನೇ ಹುಡುಕಬೇಕಾಯಿತು.

ಮರ ಉಳಿದದ್ದು ಗೋಡೆಯಿಂದ. ಹಗಲೆಲ್ಲ ಬಿಸಿಲು ಕುಡಿದ ಗೋಡೆ ಬೆಳಗಿನ ತನಕ ಬೆಚ್ಚಗಿರುತ್ತದೆ. ಹಾಗೆಂದೇ ಅಜ್ಜಿ ಅಲ್ಲಿ ನೆಟ್ಟದ್ದು. ಬಳೆಗೂ ಅದಕ್ಕೂ ಸಂಬಂಧವಿಲ್ಲ ಎಂದು ಖಾವರ್ ಅಜ್ಜಿಗೆ ಹೇಳು. ಮೂರು ವರ್ಷ ಸುಮ್ಮನಿದ್ದು ದಣಿವಾರಿಸಿಕೊಂಡ ಮರ ಯಾರು ನಿಂತಿದ್ದರೂ ಹೂ ಬಿಡುತ್ತಿತ್ತು.

ನೀನು ಯಾವ ಕಿಟಕಿಯಿಂದ ನೋಡುತ್ತೀಯ? ಗೋಡೆಯ ಕಡೆಯ ಕೊಂಬೆ ಕಾಣುವುದು ಮೇಲಿನ ಸಣ್ಣ ಕೋಣೆಯಿಂದ ಮಾತ್ರ. ಅದು ನನ್ನ ಕೋಣೆ. ಅಲ್ಲಿ ನನ್ನ ಪೆಟ್ಟಿಗೆಗಳಿವೆ. ಕೂತುಕೋ, ಬೇಡವೆನ್ನುವುದಿಲ್ಲ. ಪರದೆ ಬದಲಾಯಿಸಿಲ್ಲ ತಾನೇ?

ಇನ್ನು ದಳ ಉದುರುವ ಕಾಲ. ಉದುರಿದ್ದನ್ನು ತಕ್ಷಣ ಗುಡಿಸಬೇಡ. ಅಂದರೆ ಗುಡಿಸುವವರಿಗೆ ಹೇಳು. ನೀನು ಹೋಗುವ ಹಾಗಿಲ್ಲವಲ್ಲ.

ಇಷ್ಟು ಸಾಕು. ಕಣ್ಣು ಉರಿಯುತ್ತಿದೆ, ಮರಳುಗಾಳಿ.

ತೂರಾನ್


ಸರ್‌ಚಶ್ಮೆ
ಉರ್ದಿಬಿಹಿಶ್ತ್ ೫

ತೂರಾನ್ ಅಕ್ಕಾ,

ಪರದೆ ಅದೇ ಇದೆ. ಒಗೆದು ಮತ್ತೆ ಹಾಕಿದ್ದೇನೆ.

ದಳಗಳು ಉದುರಿದವು. ಎರಡು ದಿನ ಅಂಗಳದ ಕಾಲುವೆ ನೀರಿನ ಬದಲು ಹೂವನ್ನೇ ಹೊತ್ತು ಹರಿಯಿತು. ಈಗ ಎಲೆ. ಎಲೆಯ ನಡುವೆ ಕಾಯಿ, ಬೆರಳ ತುದಿಯಷ್ಟು, ಮೈಮೇಲೆ ನವಿರು ತುಪ್ಪಳ. ಕೇರಿಯ ಮಕ್ಕಳು ಜೇಬಿನಲ್ಲಿ ಉಪ್ಪು ಇಟ್ಟುಕೊಂಡೇ ಬರುತ್ತಾರೆ. ನಿಮ್ಮ ತಮ್ಮ ಬೊಗಸೆ ತುಂಬ ಕಿತ್ತು ನನ್ನ ಮುಂದೆ ಹಿಡಿದರು. ತಿನ್ನುವ ಹಾಗಿಲ್ಲ ಎಂದೆ. "ಇದ್ಯಾವ ಕಟ್ಟಳೆ? ನಾನು ಹುಟ್ಟಿದ ಮನೇಲಿ ನನಗೇ ಗೊತ್ತಿಲ್ದಿರೋದು?" ಎಂದು ಬೆರಗಾದರು. ಹೆಂಗಸರ ವಿಷಯ, ನಿಮಗೆ ತಿಳಿಯದು ಎಂದೆ.

ಆದರೆ ಅಕ್ಕಾ, ನಿಮಗೊಬ್ಬರಿಗೇ ಹೇಳಬೇಕಾದ ಮಾತೊಂದಿದೆ. ಬರೆಯಲು ನಾಚಿಕೆ. ಮೂವತ್ತಾರು ತುಂಬಿದವಳು ಇದನ್ನು ಬರೆಯುತ್ತೇನೆಂದು ನಾನೂ ಎಣಿಸಿರಲಿಲ್ಲ. ಮಾಂಸದ ವಾಸನೆ ಆಗುವುದಿಲ್ಲ. ರೊಟ್ಟಿ ಸೇರುವುದಿಲ್ಲ. ಎದ್ದರೂ ಮಲಗಿದರೂ ಹುಳಿಯೊಂದೇ ನೆನಪು. ಖಾವರ್ ಅಜ್ಜಿ ನನ್ನ ಮುಖ ನೋಡಿಯೇ, "ಬಯಕೆ ಕಣೇ, ಇನ್ನೇನು!" ಅಂದರು. ಚಳಿಗಾಲಕ್ಕೆ ಮುಂಚೆ ಮನೆಯಲ್ಲಿ ತೊಟ್ಟಿಲು ಕಟ್ಟಬೇಕಾಗುತ್ತದೆ.

ಎದುರಿಗೇ ಮರ, ಮರದ ತುಂಬ ಎಳೆಗಾಯಿ. ನಾನು ಕಿಟಕಿಯಲ್ಲಿ. ಬಾಯಲ್ಲಿ ಊರುವ ನೀರನ್ನು ನುಂಗುತ್ತಾ ಈ ಪತ್ರ ಬರೆಯುತ್ತಿದ್ದೇನೆ.

ಇಫ್ಫತ್


ಅಬಾದಾನ್
ಉರ್ದಿಬಿಹಿಶ್ತ್ ೧೧

ಇಫ್ಫತ್,

ಪತ್ರ ಕೈಸೇರಿದ ಗಳಿಗೆಯಲ್ಲೇ ಬರೆಯುತ್ತಿದ್ದೇನೆ. ಒಲೆಯ ಮೇಲೆ ಅನ್ನವಿದೆ, ಸೀದರೆ ಸೀಯಲಿ.

ಬಹಳ ಸಂತೋಷವಾಯಿತು ಎಂದು ಬರೆಯಬೇಕು. ಬರೆದಿದ್ದೇನೆ. ಆ ಅಂಗಳದಲ್ಲಿ ನಡೆಯಲು ಕಲಿತ ಕೊನೆಯ ಮಗು ಶುಕ್ರುಲ್ಲಾ, ಅವನ ಕೈ ಹಿಡಿದವಳು ನಾನು. ಇನ್ನೊಂದು ಮಗು ನಿನ್ನ ಕೈ ಹಿಡಿದು ಅಲ್ಲಿ ನಡೆಯುತ್ತದೆ. ಈ ಎರಡು ಸಾಲು ಬರೆಯಲು ಎಷ್ಟು ಹೊತ್ತು ಹಿಡಿಯಿತು ಎಂದು ಹೇಳುವುದಿಲ್ಲ.

ಕಟ್ಟಳೆಯ ಇನ್ನೊಂದು ಭಾಗ ನಿನಗೆ ಹೇಳುವುದನ್ನೇ ಮರೆತಿದ್ದೆ. ಜಾಮೀನು ನಿಂತವಳು ಬಸುರಿಯಾದರೆ ಮೊದಲಿನ ಕಟ್ಟಳೆ ಅಲ್ಲಿಗೇ ಮುಗಿಯಿತು. ಅವಳು ಮರದ ಕೆಳಗೆ ಹೋಗಬಹುದು, ಕೂರಬಹುದು, ಒರಗಬಹುದು, ಕಾಯಿ ತಿನ್ನಬಹುದು. ತಿನ್ನಲೇಬೇಕು. ಇವತ್ತೇ ಹೋಗು. ಪತ್ರ ಮಡಿಸಿಟ್ಟು ಈಗಲೇ ಹೋಗು. ಉಪ್ಪು ಕಡಿಮೆ ಹಚ್ಚಿಕೋ, ಹೊಟ್ಟೆನೋವು ಬಂದೀತು.

ಮಾಗಿದ ಹಣ್ಣಿಗೆ ಮಾತ್ರ ಒಂದು ನಿಯಮವಿದೆ. ಮೊದಲ ಹಣ್ಣನ್ನು ಮನೆಯ ಮಗಳು ಕಿತ್ತು ಬಸುರಿಯ ಬಾಯಿಗೆ ಇಡಬೇಕು. ಬೇರೆ ಯಾರೂ ಇಡುವ ಹಾಗಿಲ್ಲ. ಅಂಥ ಮಗಳು ಆ ಮನೆಗೆ ನಾನೊಬ್ಬಳೇ ಇರುವುದು. ಶಾಲೆಗೆ ರಜೆ ಯಾವಾಗ ಬರುತ್ತದೋ ನೋಡಬೇಕು.

ತೂರಾನ್


ಸರ್‌ಚಶ್ಮೆ
ಉರ್ದಿಬಿಹಿಶ್ತ್ ೨೦

ತೂರಾನ್ ಅಕ್ಕಾ,

ನಿಮ್ಮ ಪತ್ರವನ್ನು ಮರದ ಕೆಳಗೆ ಕೂತು ಓದಿದೆ. ಅದಕ್ಕೂ ಹಿಂದಿನದನ್ನೂ. ಅದರ ಹಿಂದಿನದನ್ನೂ.

ನೀವು ಮೊದಲ ಕಟ್ಟಳೆ ಬರೆದಾಗ ನಾನು ನಿಜವಾಗಿ ಹೆದರಿದ್ದೆ. ಅವತ್ತೇ ಖಾವರ್ ಅಜ್ಜಿಯ ಹತ್ತಿರ ಓಡಿದೆ. ಅವರು ನಕ್ಕ ರಭಸಕ್ಕೆ ಹಲ್ಲಿನ ಸೆಟ್ಟು ಕೈಗೆ ಬಂತು. "ಕಟ್ಟಳೆಯಂತೆ ಕಟ್ಟಳೆ! ಆ ತೂರಾನ್ ಮರದ ಮೇಲೇ ಇರ್ತಿದ್ಲು, ಅನ್ನಕ್ಕೆ ಕೆಳಗಿಳಿಸ್ಬೇಕಾದ್ರೆ ಕೋಲು ಹಿಡೀಬೇಕಿತ್ತು. ನಿನ್ನನ್ನ ದೂರ ಇಡಕ್ಕೆ ಹೇಳಿರೋದು ಅವ್ಳು. ಹೊಟ್ಟೆಕಿಚ್ಚು ಕಣೇ!" ಅಂದರು. ಮೊದಲ ಸಲ ಜಾಮೀನು ನಿಂತ ಏಳನೇ ವಯಸ್ಸಿನಲ್ಲೇ ಎಳೆಗಾಯಿ ತಿಂದದ್ದನ್ನು ನೀವೇ ಬರೆದು ಮರೆತಿದ್ದಿರಿ.

ಹೂ ಬಿಟ್ಟ ದಿನವೆಲ್ಲ ನಾನು ಕಾಂಡಕ್ಕೆ ಒರಗಿಯೇ ಕೂತಿದ್ದೆ. ತಲೆತುಂಬ ದಳ. ಎಳೆಗಾಯಿಯನ್ನು ಮಕ್ಕಳಿಗಿಂತ ಮುಂಚೆ ತಿಂದವಳು ನಾನು. ಸೆರಗಿನ ತುಂಬ, ಉಪ್ಪೂ ಇಲ್ಲದೆ. ನಿಮ್ಮ ಕೋಣೆಯ ಕಿಟಕಿಯಲ್ಲಿ ಒಂದು ದಿನವೂ ಕೂತಿಲ್ಲ. ಪರದೆ ಒಗೆಯಲು ಹೋದದ್ದು ಬಿಟ್ಟರೆ, ಹೋಗಬೇಕೆಂದಾಗಲೆಲ್ಲ ಬಾಗಿಲಲ್ಲೇ ಕಾಲು ನಿಲ್ಲುತ್ತಿತ್ತು.

ಆಗಲೇ ಏಕೆ ಹೇಳಲಿಲ್ಲ ಎಂದು ಕೇಳುತ್ತೀರಿ. ಈ ಮನೆಯಲ್ಲಿ ಹಗ್ಗದ ಗಂಟು ನಿಮ್ಮದು, ಮೆಂತ್ಯದ ಅಳತೆ ನಿಮ್ಮದು, ಮೀನಿನ ತಲೆ ನಿಮ್ಮದು. ಒಂದು ಸುಳ್ಳಾದರೂ ನನ್ನದಾಗಿರಲಿ ಎನಿಸಿತು. ಇನ್ನೊಂದು ಕಾರಣವೂ ಇದೆ. ನನ್ನನ್ನು ಕಂಡು ಕರುಬಿದವರು ಈ ಮೂವತ್ತಾರು ವರ್ಷದಲ್ಲಿ ಒಬ್ಬರೂ ಇರಲಿಲ್ಲ. ಕರುಬಲು ನನ್ನಲ್ಲಿ ಏನಿತ್ತು? ನಿಮ್ಮ ಪತ್ರ ಬಂದಾಗಲೆಲ್ಲ ಆ ಹೊಟ್ಟೆಕಿಚ್ಚನ್ನು ನಾಲಿಗೆಯ ಮೇಲಿಟ್ಟುಕೊಂಡು ಚೀಪಿದೆ. ಅಷ್ಟು ಬೇಗ ಮುಗಿದುಹೋಗುವುದು ಬೇಡವಾಗಿತ್ತು.

ಈ ಮಾಗಿದ ಹಣ್ಣಿನ ಕಟ್ಟಳೆಯ ಬಗ್ಗೆ ನಾನು ಖಾವರ್ ಅಜ್ಜಿಯನ್ನು ಕೇಳಿಲ್ಲ. ಕೇಳುವುದೂ ಇಲ್ಲ. ಖುರ್ದಾದ್ ತಿಂಗಳ ಕೊನೆಗೆ ಹಣ್ಣಾಗುತ್ತದಂತೆ. ನೀವು ಕೊಡುವವರೆಗೆ ಒಂದನ್ನೂ ಬಾಯಿಗೆ ಇಡುವುದಿಲ್ಲ. ಈ ಸಲ ಸುಳ್ಳು ಹೇಳುತ್ತಿಲ್ಲ. ಆದರೆ ನನ್ನ ಮಾತನ್ನು ಇನ್ನು ನೀವು ನಂಬುವುದಾದರೂ ಹೇಗೆ? ಬಂದು ಪಕ್ಕದಲ್ಲೇ ಕೂತು ಕಾಯಬೇಕಷ್ಟೆ.

ಒಂದು ದಿನ ತಡವಾದರೂ ತಿಂದುಬಿಡುತ್ತೇನೆ.

ಇಫ್ಫತ್